ಚೀನೀ ಭಾಷಿಕರಿಗೆ ಇಂಗ್ಲಿಷ್ ಪ್ರಶ್ನೆಪತ್ರಿಕೆ: ವ್ಯಾಕರಣ, ಪದಸಂಪತ್ತು, ಓದು ಅಳೆಯುವ ಸಮಗ್ರ ಮಾರ್ಗದರ್ಶಿ

ಚೀನೀ ಭಾಷಿಕರಿಗೆ ಇಂಗ್ಲಿಷ್ ಕಲಿಸಲು ಹೊರಟ ನಮ್ಮ ಕಡೆಯ ಶಿಕ್ಷಕರು ಮೊದಲ ವಾರ ಸಾಮಾನ್ಯವಾಗಿ ಮಾಡುವ ಕೆಲಸವೆಂದರೆ, ಕೈಗೆ ಸಿಕ್ಕ ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ಕಳುಹಿಸಿ ಮಟ್ಟ ನೋಡುವುದು. ನಾಲ್ಕು ಆಯ್ಕೆಗಳ ಒಂದಷ್ಟು ಪ್ರಶ್ನೆ, ಒಂದು ಗದ್ಯಭಾಗ, ಹತ್ತು ಬಿಟ್ಟ ಸ್ಥಳ. ಅಂಕಗಳು ಚೆನ್ನಾಗಿಯೇ ಬರುತ್ತವೆ. ಆಮೇಲೆ ಅದೇ ಕಲಿಯುವವರಿಂದ ಐದು ಸಾಲಿನ ಇಮೇಲ್ ಬರೆಸಿದರೆ ಕಾಲ, ವಚನ, ಆರ್ಟಿಕಲ್ (ಎ, ಆನ್, ದ) ಎಲ್ಲವೂ ಚೆಲ್ಲಾಪಿಲ್ಲಿ. ಇಲ್ಲಿ ತಪ್ಪಿರುವುದು ಕಲಿಯುವವರದಲ್ಲ, ಪತ್ರಿಕೆಯದು.

ಅವರು ಪರೀಕ್ಷೆಯಲ್ಲಿ ಪಳಗಿದ ಜನ. ಚೀನಾದ ಕಾಲೇಜು ಪ್ರವೇಶ ಪರೀಕ್ಷೆಯಾದ ಗಾವ್‌ಕಾವ್‌ನ 750 ಅಂಕಗಳಲ್ಲಿ ವಿದೇಶಿ ಭಾಷೆಗೆ 150 ಮೀಸಲು. ಬಹುಪಾಲು ವಿದ್ಯಾರ್ಥಿಗಳು ಇಂಗ್ಲಿಷನ್ನೇ ಆರಿಸುತ್ತಾರೆ. ಕಾಲೇಜಿಗೆ ಸೇರಿದ ಮೇಲೆ 1987ರಲ್ಲಿ ಆರಂಭವಾದ ಕಾಲೇಜ್ ಇಂಗ್ಲಿಷ್ ಟೆಸ್ಟ್ ಕಾದಿರುತ್ತದೆ. ಅದು ಜೂನ್ ಮತ್ತು ಡಿಸೆಂಬರ್‌ನಲ್ಲಿ ವರ್ಷಕ್ಕೆರಡು ಸಲ ನಡೆಯುತ್ತದೆ. ನಾಲ್ಕನೇ ಹಂತದಲ್ಲಿ 710ಕ್ಕೆ 425 ಬಂದರೆ ಆರನೇ ಹಂತಕ್ಕೆ ಕೂರಬಹುದು. ತೈವಾನಿನವರಾದರೆ 2000ದಿಂದ ನಡೆಯುತ್ತಿರುವ ಜನರಲ್ ಇಂಗ್ಲಿಷ್ ಪ್ರೊಫಿಷಿಯೆನ್ಸಿ ಟೆಸ್ಟ್ ಬರೆದಿರುತ್ತಾರೆ. ಇಷ್ಟೆಲ್ಲ ದಾಟಿ ಬಂದವರು ನಾಲ್ಕು ಆಯ್ಕೆಗಳಲ್ಲಿ ಎರಡನ್ನು ಕಣ್ಣಳತೆಯಲ್ಲೇ ತೆಗೆದುಹಾಕಬಲ್ಲರು. ಸರಿಯಾದ ರೂಪವನ್ನು ಎದುರಿಗಿಟ್ಟರೆ ಅವರು ಗುರುತಿಸುತ್ತಾರೆ ಎಂಬುದು ನಮಗೆ ಮೊದಲೇ ಗೊತ್ತು. ಯಾರೂ ನೆನಪಿಸದಿದ್ದಾಗ ಆ ರೂಪ ತಾನಾಗಿ ಬರುತ್ತದೆಯೇ ಎಂಬುದನ್ನು ಪತ್ರಿಕೆ ಪತ್ತೆ ಮಾಡಬೇಕು. ಮುಂದಿನ ಹಂತಗಳೆಲ್ಲ ಈ ಒಂದು ಉದ್ದೇಶಕ್ಕಾಗಿಯೇ ಇವೆ.

ಹಂತ 1: ಯಾರಿಗೆ, ಯಾತಕ್ಕೆ ಎಂಬುದನ್ನು ಖಚಿತಪಡಿಸಿಕೊಳ್ಳಿ

ಈ ಮಾರ್ಗದರ್ಶಿಯನ್ನು ವಯಸ್ಕ ಕಲಿಯುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಅದಕ್ಕೊಂದು ಪ್ರಾಯೋಗಿಕ ಕಾರಣವಿದೆ. 2021ರ ಜುಲೈನಲ್ಲಿ ಚೀನಾ ಸರ್ಕಾರ ಶಾಲಾ ಮಕ್ಕಳ ಖಾಸಗಿ ಬೋಧನೆಯ ಮೇಲೆ ತಂದ ಕಟ್ಟುಪಾಡುಗಳಲ್ಲಿ, ದೇಶದ ಹೊರಗಿರುವ ವಿದೇಶಿ ಶಿಕ್ಷಕರನ್ನು ನೇಮಿಸಿ ಪಾಠ ನಡೆಸುವುದನ್ನೂ ನಿಷೇಧಿಸಿತು. ಹಾಗಾಗಿ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಕುಳಿತು ಆನ್‌ಲೈನ್‌ನಲ್ಲಿ ಕಲಿಸುವವರಿಗೆ ಸಿಗುವವರು ಹೆಚ್ಚಾಗಿ ಉದ್ಯೋಗಸ್ಥರು, ಕಾಲೇಜು ಮುಗಿಸಿದವರು, ಇಲ್ಲವೇ ತೈವಾನ್ ಮತ್ತು ಆಗ್ನೇಯ ಏಷ್ಯಾದ ಚೀನೀ ಭಾಷಿಕರು.

ಪತ್ರಿಕೆಯ ಜೊತೆ ನಾಲ್ಕೈದು ಪ್ರಶ್ನೆಗಳ ಪುಟ್ಟ ಮಾಹಿತಿಪತ್ರ ಕಳುಹಿಸಿ: ಯಾವ ಊರಿನಲ್ಲಿ ಓದಿದ್ದು, ಮನೆಮಾತು ಮ್ಯಾಂಡರಿನ್ನೋ ಕ್ಯಾಂಟೊನೀಸೋ, ಕೊನೆಯದಾಗಿ ಬರೆದ ಇಂಗ್ಲಿಷ್ ಪರೀಕ್ಷೆ ಯಾವುದು, ಕೆಲಸದಲ್ಲಿ ಇಂಗ್ಲಿಷ್ ಎಲ್ಲಿ ಬೇಕು. ಲಿಪಿಯನ್ನೂ ಕೇಳಿ. ಚೀನಾ, ಸಿಂಗಪುರ ಮತ್ತು ಮಲೇಷ್ಯಾದಲ್ಲಿ ಸರಳೀಕೃತ ಲಿಪಿ, ತೈವಾನ್ ಮತ್ತು ಹಾಂಗ್‌ಕಾಂಗ್‌ನಲ್ಲಿ ಸಾಂಪ್ರದಾಯಿಕ ಲಿಪಿ. ಸೂಚನೆಗಳನ್ನು ಚೀನೀ ಭಾಷೆಯಲ್ಲಿ ಕೊಡುವುದಾದರೆ ತೈಪೆಯವರಿಗೆ ಬೀಜಿಂಗಿನ ಲಿಪಿ ಕಳುಹಿಸುವುದು ಶೋಭಿಸುವುದಿಲ್ಲ.

ಇನ್ನು ಉದ್ದೇಶ. ತರಗತಿಗೆ ಸೇರಿಸುವ ಮೊದಲು ಎಲ್ಲಿ ಕೊರತೆ ಇದೆ ಎಂದು ತೋರಿಸುವ ನೈದಾನಿಕ ಪರೀಕ್ಷೆ ಬೇಕೆಂದಿಟ್ಟುಕೊಳ್ಳೋಣ. ಅದರ ನೀಲನಕಾಶೆ ಹೀಗಿರಲಿ: ವ್ಯಾಕರಣಕ್ಕೆ 28 ಅಂಕ, 25 ನಿಮಿಷ, ಪದಸಂಪತ್ತಿಗೆ 20 ಅಂಕ, 15 ನಿಮಿಷ, ಓದಿಗೆ 16 ಅಂಕ, 25 ನಿಮಿಷ. ಮೊತ್ತ ನೂರೇ ಆಗಬೇಕೆಂಬ ಹಟ ಬೇಡ. ನೂರಕ್ಕೆ ಹೊಂದಿಸುವ ಆಸೆಯಿಂದ ತುರುಕಿದ ಪ್ರಶ್ನೆಗಳೇ ಪತ್ರಿಕೆಯನ್ನು ಹಾಳು ಮಾಡುತ್ತವೆ.

ಹಂತ 2: ಚೀನೀ ಭಾಷೆ ಎಲ್ಲಿ ಕೈಕೊಡುತ್ತದೆ ಎಂದು ಪಟ್ಟಿ ಮಾಡಿ

ಕನ್ನಡ ಮಾತನಾಡುವವರು ಇಂಗ್ಲಿಷಿನಲ್ಲಿ ಎಲ್ಲಿ ಎಡವುತ್ತಾರೆಂದು ನಮಗೆ ಗೊತ್ತು. ತಿಳಿದಿದೆ ಎನ್ನಲು ‘ಐ ಆಮ್ ನೋಯಿಂಗ್’ ಎನ್ನುವುದು ನಮ್ಮವರ ತಪ್ಪು. ಚೀನೀ ಭಾಷಿಕರ ತಪ್ಪುಗಳ ನಕಾಶೆಯೇ ಬೇರೆ, ಅಲ್ಲಲ್ಲಿ ಮಾತ್ರ ನಮ್ಮದರೊಂದಿಗೆ ಕೂಡುತ್ತದೆ. ಈ ಹಂತವನ್ನು ಹಾರಿಸಿದರೆ ಉಳಿದದ್ದೆಲ್ಲ ವ್ಯರ್ಥ.

ಕಾಲದಿಂದ ಆರಂಭಿಸಿ. ಕನ್ನಡದ ಕ್ರಿಯಾಪದ ಕಾಲ, ಲಿಂಗ, ವಚನ ಎಲ್ಲವನ್ನೂ ಹೊತ್ತುಕೊಂಡೇ ಹುಟ್ಟುತ್ತದೆ; ಚೀನೀ ಕ್ರಿಯಾಪದ ರೂಪ ಬದಲಿಸುವುದೇ ಇಲ್ಲ. ನಿನ್ನೆ, ಇಂದು, ನಾಳೆ ಎಂದು ಒಮ್ಮೆ ಹೇಳಿದರೆ ಸಾಕು, ಮುಂದಿನ ಹತ್ತು ವಾಕ್ಯಗಳಲ್ಲಿ ಕ್ರಿಯಾಪದ ಹಾಗೆಯೇ ಇರುತ್ತದೆ. ‘ಲ’ ಎಂಬ ಪ್ರತ್ಯಯದಂಥ ಅಕ್ಷರ ಕ್ರಿಯೆ ಮುಗಿದಿದೆ ಎಂದು ಸೂಚಿಸುತ್ತದೆ. ಅದು ಭೂತಕಾಲದ ಗುರುತಲ್ಲ. ನಾಮಪದಕ್ಕೆ ಬಹುವಚನ ರೂಪ ಕಡ್ಡಾಯವಲ್ಲ. ಎಣಿಸುವಾಗ ಸಂಖ್ಯೆಗೂ ವಸ್ತುವಿಗೂ ನಡುವೆ ಅಳತೆಪದವೊಂದು ಬರುತ್ತದೆ, ವಸ್ತುವಿನ ಹೆಸರು ಬದಲಾಗುವುದಿಲ್ಲ.

‘ಆದರೂ… ಆದರೆ’, ‘ಏಕೆಂದರೆ… ಆದ್ದರಿಂದ’ ಎಂಬ ಜೋಡಿಗಳನ್ನು ಚೀನೀ ಭಾಷೆ ಸಲೀಸಾಗಿ ಒಂದೇ ವಾಕ್ಯದಲ್ಲಿ ಕೂರಿಸುತ್ತದೆ. ಹಾಗಾಗಿ ‘ಆಲ್ದೋ ಇಟ್ ವಾಸ್ ರೇನಿಂಗ್, ಬಟ್ ವಿ ವೆಂಟ್ ಔಟ್’ ಎಂಬ ವಾಕ್ಯ ಬಹಳ ಮುಂದುವರಿದ ಕಲಿಯುವವರಲ್ಲೂ ಉಳಿದಿರುತ್ತದೆ. ‘ಇದೆ’ ಎಂಬ ಅರ್ಥಕ್ಕೂ ‘ಹೊಂದಿದೆ’ ಎಂಬ ಅರ್ಥಕ್ಕೂ ಒಂದೇ ಕ್ರಿಯಾಪದ ಇರುವುದರಿಂದ ‘ದೇರ್ ಹ್ಯಾವ್ ಮೆನಿ ಪೀಪಲ್’ ಹುಟ್ಟುತ್ತದೆ.

ನಮಗೂ ಅವರಿಗೂ ಸಮಾನವಾದ ಜಾಗಗಳಲ್ಲಿ ಇನ್ನೂ ಎಚ್ಚರ ಬೇಕು, ಏಕೆಂದರೆ ಅಲ್ಲಿ ತಪ್ಪು ನಮ್ಮ ಕಣ್ಣಿಗೇ ಬೀಳುವುದಿಲ್ಲ. ಆರ್ಟಿಕಲ್ ಇಬ್ಬರ ಭಾಷೆಯಲ್ಲೂ ಇಲ್ಲ. ‘ನಿನ್ನೆ ಬಂದ ಹುಡುಗ’ ಎಂಬಂತೆ ವಿಶೇಷಿಸುವ ಉಪವಾಕ್ಯ ನಾಮಪದಕ್ಕಿಂತ ಮೊದಲು ಬರುವುದು ಚೀನೀ ಭಾಷೆಯಲ್ಲೂ ಹಾಗೆಯೇ. ಇಂಗ್ಲಿಷಿನಲ್ಲಿ ಅದು ನಾಮಪದದ ನಂತರ ಬರುತ್ತದೆ. ‘ಕಾಗದ ಬರೆದಾಯಿತು’ ಎನ್ನುವಾಗ ಕನ್ನಡಕ್ಕೆ ಕರ್ಮಣಿ ಪ್ರಯೋಗ ಬೇಕಿಲ್ಲ, ಚೀನೀ ಭಾಷೆಗೂ ಬೇಕಿಲ್ಲ. ಅದರಿಂದಲೇ ‘ದ ಲೆಟರ್ ಹ್ಯಾಸ್ ರಿಟನ್’. ‘ಊಟ ಆಗಿಲ್ಲವೇ?’ ಎಂದು ಕೇಳಿದರೆ ‘ಹೌದು, ಆಗಿಲ್ಲ’ ಎನ್ನುವವರು ನಾವೂ ಹೌದು, ಅವರೂ ಹೌದು. ಇಂಗ್ಲಿಷಿನಲ್ಲಿ ಅಲ್ಲಿ ‘ನೋ’ ಬರಬೇಕು. ಇಂಥ ಪ್ರಶ್ನೆಗಳ ಕೀ ಉತ್ತರವನ್ನು ನೀವೊಬ್ಬರೇ ಅಂತಿಮಗೊಳಿಸಬೇಡಿ, ಇನ್ನಿಬ್ಬರಿಗೆ ತೋರಿಸಿ.

ಒಂದು ತಪ್ಪನ್ನು ಮಾತ್ರ ಲಿಖಿತ ಪತ್ರಿಕೆಯಿಂದ ಕೈಬಿಡಿ. ಅವನು, ಅವಳು, ಅದು ಎಂಬ ಮೂರಕ್ಕೂ ಮ್ಯಾಂಡರಿನ್‌ನಲ್ಲಿ ಉಚ್ಚಾರಣೆ ಒಂದೇ, ಬರೆಯುವಾಗ ಮಾತ್ರ ಅಕ್ಷರ ಬೇರೆ. ಆದ್ದರಿಂದ ಮಾತಿನ ಭರದಲ್ಲಿ ಹೆಂಡತಿಯನ್ನು ‘ಹೀ’ ಎನ್ನುವವರು ಬರವಣಿಗೆಯಲ್ಲಿ ಸರಿಯಾಗಿಯೇ ‘ಶೀ’ ಬರೆಯುತ್ತಾರೆ. ಅದು ಸಂದರ್ಶನದಲ್ಲಿ ಗಮನಿಸಬೇಕಾದ ವಿಷಯ.

ಹಂತ 3: ವ್ಯಾಕರಣದ ಪ್ರಶ್ನೆಗಳನ್ನು ಬರೆಯಿರಿ

ಸಾಮಾನ್ಯ ಪತ್ರಿಕೆಯ ಒಂದು ಪ್ರಶ್ನೆ ನೋಡಿ: ‘ಯೆಸ್ಟರ್‌ಡೇ ಹೀ ____ ಟು ದ ಮಾರ್ಕೆಟ್’. ಆಯ್ಕೆಗಳು ಗೋ, ಗೋಸ್, ವೆಂಟ್, ಗಾನ್. ‘ಯೆಸ್ಟರ್‌ಡೇ’ ಕಂಡ ಕೂಡಲೇ ಉತ್ತರ ಗುರುತಾಗುತ್ತದೆ. ವಾಕ್ಯ ಓದುವ ಅಗತ್ಯವೂ ಇಲ್ಲ. ಇದರಲ್ಲಿ ಅಂಕ ಬಂದರೆ ಆ ವ್ಯಕ್ತಿ ಶಾಲೆಗೆ ಹೋಗಿದ್ದಾರೆ ಎಂದಷ್ಟೇ ತಿಳಿಯಬಹುದು.

ಅದನ್ನು ಒಂದು ಪುಟ್ಟ ಗದ್ಯವಾಗಿ ತಿದ್ದೋಣ. ‘ಲಾಸ್ಟ್ ವಿಂಟರ್ ಮೈ ಆಂಟ್ ರ್‍ಯಾನ್ ಎ ನೂಡಲ್ ಶಾಪ್ ನಿಯರ್ ದ ಸ್ಟೇಷನ್. ಶೀ ____ ಅಟ್ ಫೋರ್ ಎವ್ರಿ ಮಾರ್ನಿಂಗ್ ಟು ಮೇಕ್ ದ ಸೂಪ್. ಮೈ ಅಂಕಲ್, ಹೂ ____ ಇನ್ ಎ ಕಿಚನ್ ಬಿಫೋರ್, ____ ದ ಬೌಲ್ಸ್. ಇನ್ ಮಾರ್ಚ್ ದೇ ____ ಇಟ್.’ ನಾಲ್ಕು ಬಿಟ್ಟ ಸ್ಥಳಗಳ ಪಕ್ಕದಲ್ಲಿ ‘ಗೆಟ್ ಅಪ್’, ‘ನೆವರ್ ವರ್ಕ್’, ‘ವಾಶ್’, ‘ಕ್ಲೋಸ್’ ಎಂಬ ಮೂಲರೂಪಗಳನ್ನು ಕೊಡಿ, ಆಯ್ಕೆಗಳು ಬೇಡ.

ಇಲ್ಲಿ ಕಾಲವನ್ನು ಒಮ್ಮೆ ಮಾತ್ರ, ಮೊದಲ ಸಾಲಿನಲ್ಲೇ ಹೇಳಿ ಮುಗಿಸಿದ್ದೇವೆ. ಚೀನೀ ಭಾಷೆಯ ಅಭ್ಯಾಸದಲ್ಲಿ ಅಷ್ಟು ಸಾಕು, ಆದ್ದರಿಂದ ಮುಂದಿನ ಕ್ರಿಯಾಪದಗಳು ಸಡಿಲವಾಗುತ್ತವೆ. ಎರಡನೇ ಸಾಲಿನ ‘ಎವ್ರಿ ಮಾರ್ನಿಂಗ್’ ಬೇಕೆಂದೇ ಇಟ್ಟ ಬಲೆ. ‘ಎವ್ರಿ’ ಕಂಡರೆ ವರ್ತಮಾನಕಾಲ ಎಂದು ಬಾಯಿಪಾಠ ಮಾಡಿದವರು ‘ಗೆಟ್ಸ್ ಅಪ್’ ಬರೆಯುತ್ತಾರೆ. ಸಂದರ್ಭ ಹಿಡಿದವರು ‘ಗಾಟ್ ಅಪ್’ ಬರೆಯುತ್ತಾರೆ. ಎರಡನೇ ಬಿಟ್ಟ ಸ್ಥಳಕ್ಕೆ ‘ಹ್ಯಾಡ್ ನೆವರ್ ವರ್ಕ್ಡ್’ ಉತ್ತಮ ಉತ್ತರ, ಆದರೆ ‘ನೆವರ್ ವರ್ಕ್ಡ್’ ಬರೆದವರಿಗೂ ಅಂಕ ಕೊಡಬೇಕು. ಇಂಗ್ಲಿಷ್ ಮನೆಮಾತಿನವರು ಎರಡನ್ನೂ ಬಳಸುತ್ತಾರೆ. ಒಂದಕ್ಕಿಂತ ಹೆಚ್ಚು ಸರಿಯುತ್ತರ ಎಲ್ಲೆಲ್ಲಿ ಸಾಧ್ಯ ಎಂದು ಪತ್ರಿಕೆ ಕಳುಹಿಸುವ ಮೊದಲೇ ಬರೆದಿಟ್ಟುಕೊಳ್ಳಿ. ಇಂಥ ಎರಡು ಗದ್ಯಗಳಿಂದ 8 ಅಂಕ.

ಗಾವ್‌ಕಾವ್‌ನ ಹೊಸ ಮಾದರಿಯಲ್ಲೂ ಹತ್ತು ಬಿಟ್ಟ ಸ್ಥಳಗಳ ಇಂಥದೇ ಭಾಗವಿದೆ, ಒಂದಕ್ಕೆ ಒಂದೂವರೆ ಅಂಕ. ಅಂದರೆ ರೂಪ ಅವರಿಗೆ ಪರಿಚಿತ, ಸೂಚನೆ ವಿವರಿಸುವ ಕಷ್ಟವಿಲ್ಲ. ಪರಿಚಿತ ರೂಪ, ಅಪರಿಚಿತ ಬಲೆ: ಪತ್ರಿಕೆಯುದ್ದಕ್ಕೂ ಇದನ್ನೇ ಪಾಲಿಸಿ.

ಆರ್ಟಿಕಲ್‌ಗೆ ಬಿಟ್ಟ ಸ್ಥಳ ಬಿಡಲೇಬೇಡಿ. ಗೆರೆ ಎಳೆದರೆ ಅಲ್ಲೇನೋ ಬೇಕೆಂದು ನಾವೇ ಹೇಳಿಕೊಟ್ಟಂತೆ. ಅರವತ್ತು ಪದಗಳ ಗದ್ಯದಿಂದ ಆರು ಆರ್ಟಿಕಲ್‌ಗಳನ್ನು ಸದ್ದಿಲ್ಲದೆ ತೆಗೆದು, ಎಲ್ಲಿ ಏನು ಬೇಕೋ ಸೇರಿಸಿ ಎಂದು ಕೇಳಿ. ಆರಂಭದ ಮಟ್ಟದವರಿಗೆ ‘ಆರು ಬಿಟ್ಟುಹೋಗಿವೆ’ ಎಂದು ತಿಳಿಸಬಹುದು, ಮುಂದಿನವರಿಗೆ ಅದೂ ಬೇಡ. ಬೇಡದ ಕಡೆ ಸೇರಿಸಿದ ಆರ್ಟಿಕಲ್‌ಗಳನ್ನು ಬೇರೆಯಾಗಿ ಎಣಿಸಿಟ್ಟುಕೊಳ್ಳಿ. ಕಡಿಮೆ ಬಳಸುವವರಿಗೂ ಕಂಡಕಂಡಲ್ಲಿ ಚೆಲ್ಲುವವರಿಗೂ ಬೇಕಾಗುವ ಪಾಠ ಬೇರೆ ಬೇರೆ.

ತಪ್ಪು ತಿದ್ದುವ ಪ್ರಶ್ನೆಗೆ ಹತ್ತು ವಾಕ್ಯ ಕೊಟ್ಟು ಅದರಲ್ಲಿ ಮೂರನ್ನು ಸಂಪೂರ್ಣ ಸರಿಯಾಗಿಯೇ ಇಡಿ. ಎಲ್ಲದರಲ್ಲೂ ತಪ್ಪಿದ್ದರೆ ಅವರು ತಪ್ಪಿನ ಬೇಟೆಗೆ ಇಳಿಯುತ್ತಾರೆ, ಇಂಗ್ಲಿಷ್ ಓದುವುದಿಲ್ಲ. ‘ಆಲ್ದೋ… ಬಟ್’, ‘ದೇರ್ ಹ್ಯಾವ್’, ‘ಹ್ಯಾಸ್ ರಿಟನ್’ ಮೊದಲಾದವು ಇಲ್ಲಿ ಬರಲಿ. ಸರಿಯಾದ ಮೂರರಲ್ಲಿ ಒಂದು ‘ಆಲ್ದೋ’ದಿಂದ ಆರಂಭವಾಗಲಿ.

ಉಳಿದ 4 ಅಂಕ ವಾಕ್ಯ ಜೋಡಣೆಗೆ. ಇದನ್ನು ಚಿಕ್ಕದೆಂದು ಬಿಟ್ಟುಬಿಡಬೇಡಿ. 1974ರಲ್ಲಿ ಜಾಕ್ವೆಲಿನ್ ಶಾಕ್ಟರ್ ಎಂಬ ಭಾಷಾವಿಜ್ಞಾನಿ ಪರ್ಷಿಯನ್, ಅರಬ್ಬಿ, ಚೀನೀ ಮತ್ತು ಜಪಾನೀ ಭಾಷಿಕರ ಇಂಗ್ಲಿಷ್ ಬರಹಗಳನ್ನು ಹೋಲಿಸಿದರು. ‘ಹೂ’, ‘ವಿಚ್’ ಬಳಸುವ ಉಪವಾಕ್ಯಗಳಲ್ಲಿ ಚೀನೀಯರ ಮತ್ತು ಜಪಾನೀಯರ ತಪ್ಪುಗಳು ಕಡಿಮೆಯಿದ್ದವು. ಕಾರಣ ಅವರ ನೈಪುಣ್ಯವಲ್ಲ. ಅವರು ಅಂಥ ವಾಕ್ಯಗಳನ್ನು ಬರೆಯುವುದನ್ನೇ ತಪ್ಪಿಸಿಕೊಳ್ಳುತ್ತಿದ್ದರು. ಪ್ರಬಂಧ ಬರೆಸಿ ತಪ್ಪು ಎಣಿಸಿದರೆ ಈ ಕೊರತೆ ಎಂದೂ ಕಾಣಿಸುವುದಿಲ್ಲ. ಆದ್ದರಿಂದ ಎರಡು ಸರಳ ವಾಕ್ಯ ಕೊಟ್ಟು, ‘ದ ಡಾಕ್ಟರ್’ ಎಂದೇ ಆರಂಭಿಸಿ ಒಂದಾಗಿಸಿ ಎಂದು ಕಟ್ಟುಹಾಕಿ. ನುಣುಚಿಕೊಳ್ಳಲು ದಾರಿ ಇರಬಾರದು.

ಹಂತ 4: ಪದಸಂಪತ್ತು: ಎಷ್ಟು ಗೊತ್ತು, ಎಷ್ಟು ಆಳ

ಚೀನಾದಲ್ಲಿ ಪರೀಕ್ಷೆಗೆಂದು ಮಾರುವ ಪದಪಟ್ಟಿಗಳ ಬಗ್ಗೆ ಅಲ್ಲಿನವರದೇ ಒಂದು ತಮಾಷೆಯಿದೆ. ಅಕಾರಾದಿಯಾಗಿ ಜೋಡಿಸಿದ ಪಟ್ಟಿಯಲ್ಲಿ ಮೊದಲಿಗೆ ಬರುವ ಪದ ‘ಅಬ್ಯಾಂಡನ್’. ಮೊದಲ ಪದವೇ ಕೈಬಿಡು ಎನ್ನುತ್ತದೆ, ಅನೇಕರು ಅಲ್ಲಿಗೇ ಕೈಬಿಡುತ್ತಾರೆ. ಕೈಬಿಡದವರು ಸಾವಿರಾರು ಪದ ಕಲಿಯುತ್ತಾರೆ, ಪ್ರತಿಯೊಂದಕ್ಕೂ ಒಂದು ಚೀನೀ ಅರ್ಥ. ಇದರಿಂದ ಪದಗಳ ಸಂಖ್ಯೆ ದೊಡ್ಡದಾಗಿರುತ್ತದೆ, ಯಾವ ಪದ ಯಾವುದರ ಜೊತೆ ಸೇರುತ್ತದೆ ಎಂಬ ತಿಳಿವಳಿಕೆ ತೆಳ್ಳಗಿರುತ್ತದೆ.

ಸಂಖ್ಯೆ ಅಳೆಯಲು ನೀವು ಹೊಸದಾಗಿ ಏನೂ ಮಾಡಬೇಕಿಲ್ಲ. ಪದಸಂಪತ್ತಿನ ಸಂಶೋಧಕರಾದ ಪಾಲ್ ನೇಷನ್ ಮತ್ತು ಡೇವಿಡ್ ಬೆಗ್ಲಾರ್ 2007ರಲ್ಲಿ ಪ್ರಕಟಿಸಿದ ವೊಕ್ಯಾಬುಲರಿ ಸೈಜ್ ಟೆಸ್ಟ್‌ನಲ್ಲಿ ಬಳಕೆಯ ಪ್ರಮಾಣಕ್ಕೆ ತಕ್ಕಂತೆ ತಲಾ ಒಂದು ಸಾವಿರ ಪದಗಳ 14 ಗುಂಪುಗಳಿವೆ, ಪ್ರತಿ ಗುಂಪಿನಿಂದ 10 ಪದ. ಒಟ್ಟು 140ರಲ್ಲಿ ಸರಿಯಾದ ಉತ್ತರಗಳನ್ನು ನೂರರಿಂದ ಗುಣಿಸಿದರೆ ಪದಕುಟುಂಬಗಳ (ಒಂದು ಮೂಲಪದ ಮತ್ತು ಅದರಿಂದ ಹುಟ್ಟುವ ರೂಪಗಳು ಸೇರಿ ಒಂದು ಕುಟುಂಬ) ಅಂದಾಜು ಸಿಗುತ್ತದೆ. ಮ್ಯಾಂಡರಿನ್ ಅರ್ಥಗಳಿರುವ ಆವೃತ್ತಿಯೂ ಇದೆ. ಇದೂ ನಾಲ್ಕು ಆಯ್ಕೆಗಳ ಪರೀಕ್ಷೆಯಾದ್ದರಿಂದ ಊಹೆಯ ಪಾಲು ಸೇರಿಕೊಳ್ಳುತ್ತದೆ. ಬಂದ ಸಂಖ್ಯೆಯನ್ನು ಗರಿಷ್ಠ ಮಿತಿ ಎಂದು ತಿಳಿಯಿರಿ.

ಊಹೆಯನ್ನು ಹಿಡಿಯಲು ಇನ್ನೊಂದು ಉಪಾಯವನ್ನು ಪಾಲ್ ಮೇರಾ ಮತ್ತು ಬಾರ್ಬರಾ ಬಕ್ಸ್‌ಟನ್ 1987ರಲ್ಲಿ ತೋರಿಸಿಕೊಟ್ಟರು: ಪದಗಳ ಪಟ್ಟಿ ಕೊಟ್ಟು ಗೊತ್ತಿರುವುದಕ್ಕೆ ಗುರುತು ಹಾಕಿಸುವುದು, ನಡುನಡುವೆ ಇಂಗ್ಲಿಷಿನಲ್ಲಿ ಇಲ್ಲವೇ ಇಲ್ಲದ ಕೃತಕ ಪದಗಳನ್ನು ಸೇರಿಸುವುದು. 40 ನಿಜವಾದ ಪದ, 20 ಕೃತಕ ಪದ ಇರಲಿ. ‘ಫ್ರೆಂಬಲ್’, ‘ಟಾಲ್ಡನ್’ ಗೊತ್ತೆಂದು ಗುರುತು ಹಾಕಿದವರ ಉಳಿದ ಗುರುತುಗಳನ್ನೂ ಅನುಮಾನದಿಂದ ನೋಡಬೇಕು. ಇದಕ್ಕೆ ಅಂಕ ಕೊಡಬೇಡಿ, ಮಾಹಿತಿಗೆ ಮಾತ್ರ ಇರಲಿ.

ಅಂಕ ಕೊಡುವ 20 ಪ್ರಶ್ನೆಗಳು ಆಳಕ್ಕೆ ಮೀಸಲು. ಪದಗಳ ಜೊತೆಗಾರಿಕೆಯಿಂದ ಹತ್ತು ಇರಲಿ. ಚೀನೀ ಭಾಷೆಯಲ್ಲಿ ಔಷಧಿಯನ್ನು ತಿನ್ನುತ್ತಾರೆ, ದೀಪವನ್ನು ತೆರೆಯುತ್ತಾರೆ, ಜ್ಞಾನವನ್ನು ಕಲಿಯುತ್ತಾರೆ. ‘ಈಟ್ ಮೆಡಿಸಿನ್’, ‘ಓಪನ್ ದ ಲೈಟ್’, ‘ಲರ್ನ್ ನಾಲೆಡ್ಜ್’ ಬರುವುದು ಅಲ್ಲಿಂದ. ಕನ್ನಡದಲ್ಲಿ ನಾವು ಲೈಟು ‘ಹಾಕು’ತ್ತೇವೆ, ಹಾಗಾಗಿ ನಮ್ಮ ಮಕ್ಕಳ ತಪ್ಪು ಬೇರೆ. ಕೊಡುವ ಸಾಲಕ್ಕೂ ತರುವ ಸಾಲಕ್ಕೂ ಅಲ್ಲಿ ಒಂದೇ ಕ್ರಿಯಾಪದ. ‘ಬಾರೋ’, ‘ಲೆಂಡ್’ ಎರಡಕ್ಕೂ ಒಂದೊಂದು ವಾಕ್ಯ ಕೊಡಿ. ಕ್ರಿಯಾಪದದ ಮೊದಲ ಅಕ್ಷರವನ್ನಷ್ಟೇ ಕೊಟ್ಟು ಪದ ಪೂರ್ಣಗೊಳಿಸಿ ಎಂದರೆ ಆಯ್ಕೆಗಳ ಹಂಗಿಲ್ಲದೆ, ಉತ್ತರವೂ ದಿಕ್ಕಾಪಾಲಾಗದೆ ಸಿಗುತ್ತದೆ.

ಇನ್ನು ಐದು ಪ್ರಶ್ನೆ ಒಂದೇ ನೋಟದ ಪದಗಳಿಗೆ: ಅಡ್ಯಾಪ್ಟ್ (adapt) ಮತ್ತು ಅದರ ಹಾಗೆಯೇ ಕಾಣುವ ಅಡಾಪ್ಟ್ (adopt), ಕ್ವೈಟ್ ಮತ್ತು ಕ್ವಯಟ್, ಕಾಂಟ್ಯಾಕ್ಟ್ ಮತ್ತು ಕಾಂಟ್ರ್ಯಾಕ್ಟ್. ಚೀನೀ ಮತ್ತು ಕೊರಿಯನ್ ಕಲಿಯುವವರನ್ನು ಹೋಲಿಸಿ 2003ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಕೊರಿಯನ್ನರು ಒಂದೇ ಉಚ್ಚಾರಣೆಯ ಪದಗಳಲ್ಲಿ ಮೋಸಹೋದರು. ಚೀನೀಯರನ್ನು ಕಾಡಿದ್ದು ಕಾಗುಣಿತದ ಹೋಲಿಕೆ. ಅಕ್ಷರವನ್ನು ಚಿತ್ರದಂತೆ ಇಡಿಯಾಗಿ ಹಿಡಿಯುವ ಓದಿನ ರೂಢಿ ಇಂಗ್ಲಿಷಿಗೂ ದಾಟುತ್ತದೆ. ಕೊನೆಯ ಐದು, ಪರಿಚಿತ ಪದದ ಅಪರಿಚಿತ ಅರ್ಥಕ್ಕೆ. ವಿಳಾಸ ಎಂದು ಗೊತ್ತಿರುವ ‘ಅಡ್ರೆಸ್’ ಸಮಸ್ಯೆಯೊಂದನ್ನು ನಿಭಾಯಿಸುವ ಕ್ರಿಯಾಪದವಾಗಿ ಬಂದಾಗ ಏನು ಮಾಡುತ್ತಾರೆ, ಚೆನ್ನಾಗಿದೆ ಎಂಬ ‘ಫೈನ್’ ದಂಡವಾಗಿ ಬಂದಾಗ ಏನು ಮಾಡುತ್ತಾರೆ ಎಂದು ನೋಡಿ.

ನಮ್ಮ ಕಡೆಯವರಿಗೆ ಒಂದು ವಿಶೇಷ ಎಚ್ಚರಿಕೆ. ಪ್ರಶ್ನೆಪತ್ರಿಕೆಯಲ್ಲಿ ‘ಪ್ರಿಪೋನ್’, ‘ಡು ದ ನೀಡ್‌ಫುಲ್’, ‘ಔಟ್ ಆಫ್ ಸ್ಟೇಷನ್’ ನುಸುಳದಂತೆ ನೋಡಿಕೊಳ್ಳಿ. ಅವು ಭಾರತದ ಇಂಗ್ಲಿಷಿನ ಆಸ್ತಿ, ನನಗೂ ಪ್ರೀತಿಯವೇ. ಆದರೆ ಶೆನ್‌ಜೆನ್‌ನ ಎಂಜಿನಿಯರ್ ಅವುಗಳನ್ನು ಕಂಡಿರುವುದಿಲ್ಲ. ಲಕ್ಷ, ಕೋಟಿಯೂ ಬೇಡ. ಅಂಕಿಗಳ ಬಗ್ಗೆ ಒಂದು ಪ್ರಶ್ನೆ ಮಾತ್ರ ಇರಲೇಬೇಕು: ಚೀನೀ ಎಣಿಕೆ ಹತ್ತು ಸಾವಿರದ ‘ವಾನ್’ ಮತ್ತು ಹತ್ತು ಕೋಟಿಯ ‘ಯಿ’ ಮೇಲೆ ನಿಂತಿದೆ. ಮೂರೂವರೆ ಲಕ್ಷ ಅವರಿಗೆ 35 ವಾನ್. ಅದನ್ನು ಇಂಗ್ಲಿಷಿನ ಸಾವಿರ, ಮಿಲಿಯನ್‌ಗೆ ತಿರುಗಿಸುವಾಗ ಸೊನ್ನೆ ತಪ್ಪುವುದು ನಮಗೂ ಗೊತ್ತಿರುವ ಸಂಕಟ.

ಹಂತ 5: ಓದು

ಗದ್ಯಭಾಗ ಆರಿಸುವಾಗ ಪದಗಳ ಕಷ್ಟ ಮೊದಲು ನೋಡಿ. ಸಹಾಯವಿಲ್ಲದೆ ಓದಿ ಅರ್ಥಮಾಡಿಕೊಳ್ಳಲು ಗದ್ಯದ ಸುಮಾರು 98 ಶೇಕಡ ಪದಗಳು ಗೊತ್ತಿರಬೇಕೆಂಬುದು ನೇಷನ್ ಅವರ ಲೆಕ್ಕ. ಇನ್ನೂರು ಪದಗಳಲ್ಲಿ ನಾಲ್ಕಕ್ಕಿಂತ ಹೆಚ್ಚು ಅಪರಿಚಿತ ಪದಗಳಿದ್ದರೆ ನೀವು ಅಳೆಯುತ್ತಿರುವುದು ಓದನ್ನಲ್ಲ, ಮತ್ತೆ ಪದಸಂಪತ್ತನ್ನೇ. ವಿಷಯ ಕ್ರಿಕೆಟ್ಟೂ ಬೇಡ, ಗ್ರಾಮ ಪಂಚಾಯಿತಿಯೂ ಬೇಡ. ಹಳೆಯ ಪರೀಕ್ಷೆಗಳ ಗದ್ಯಗಳಂತೂ ಖಂಡಿತ ಬೇಡ, ಅವರು ಅವನ್ನೆಲ್ಲ ಅರೆದು ಕುಡಿದಿರುತ್ತಾರೆ. ಸ್ವತಃ ಬರೆಯುವುದು ಒಳ್ಳೆಯದು.

ಅವರಿಗೆ ಕಲಿಸಿಕೊಟ್ಟ ಓದಿನ ತಂತ್ರ ಹೀಗಿರುತ್ತದೆ: ಮೊದಲು ಪ್ರಶ್ನೆ ಓದು, ಅದರ ಮುಖ್ಯ ಪದ ಹಿಡಿ, ಗದ್ಯದಲ್ಲಿ ಅದೇ ಪದ ಹುಡುಕು, ಸುತ್ತಲಿನ ಸಾಲಿಗೆ ಹೋಲುವ ಆಯ್ಕೆ ಆರಿಸು. ಸಮಯ ಕಡಿಮೆ ಇದ್ದಾಗ ಇದು ಬುದ್ಧಿವಂತಿಕೆಯೇ. ನಿಮ್ಮ ಪ್ರಶ್ನೆ ಆ ದಾರಿಯನ್ನು ಮುಚ್ಚಬೇಕು.

ಒಂದು ವಾಕ್ಯ ತೆಗೆದುಕೊಳ್ಳಿ: ‘ದ ಮ್ಯೂಸಿಯಂ, ವಿಚ್ ಹ್ಯಾಡ್ ಬೀನ್ ಕ್ಲೋಸ್ಡ್ ಸಿನ್ಸ್ ದ ಫ್ಲಡ್, ವಾಸ್ ಡ್ಯೂ ಟು ರೀಓಪನ್ ಇನ್ ಮೇ, ಬಟ್ ದ ರೂಫ್ ಟುಕ್ ಲಾಂಗರ್ ಟು ರಿಪೇರ್ ದ್ಯಾನ್ ಎನಿವನ್ ಎಕ್ಸ್‌ಪೆಕ್ಟೆಡ್.’ ‘ಮ್ಯೂಸಿಯಂ ಯಾವಾಗ ತೆರೆಯಿತು?’ ಎಂದು ಕೇಳಿ ‘ಮೇ’, ‘ಮೇ ನಂತರ’, ‘ಪ್ರವಾಹಕ್ಕೆ ಮೊದಲು’ ಎಂದು ಆಯ್ಕೆ ಕೊಡಿ. ಪದ ಹುಡುಕುವವರು ‘ಮೇ’ಗೆ ಬೀಳುತ್ತಾರೆ. ‘ವಾಸ್ ಡ್ಯೂ ಟು’ ಎಂದರೆ ಆಗಬೇಕಿತ್ತು, ಆಗಲಿಲ್ಲ ಎಂಬ ಧ್ವನಿ ಹಿಡಿದವರಿಗೆ ಮಾತ್ರ ಉತ್ತರ ಸಿಗುತ್ತದೆ. ಕಾಲದ ವ್ಯಾಕರಣ ಓದಿನೊಳಗೆ ಕೆಲಸ ಮಾಡುತ್ತಿದೆಯೇ ಎಂಬುದು ಇಲ್ಲಿ ಬಯಲಾಗುತ್ತದೆ. ಮೂರನೇ ಹಂತದ ಗದ್ಯದಲ್ಲಿ ಪೂರ್ಣ ಅಂಕ ಪಡೆದವರೂ ಇಲ್ಲಿ ತಪ್ಪಿದರೆ ಅವರಿಗೆ ರೂಪ ಗೊತ್ತು, ಅದು ಹೇಳುವ ಅರ್ಥ ಗೊತ್ತಿಲ್ಲ.

ಗಾವ್‌ಕಾವ್‌ನಿಂದ ಕಣ್ಣುಮುಚ್ಚಿ ಎರವಲು ಪಡೆಯಬಹುದಾದ ಒಂದು ಮಾದರಿಯೆಂದರೆ ಏಳರಲ್ಲಿ ಐದು. ಗದ್ಯದಿಂದ ಐದು ವಾಕ್ಯ ತೆಗೆದು, ಎರಡು ಸುಳ್ಳು ವಾಕ್ಯ ಸೇರಿಸಿ, ಏಳನ್ನು ಕೊಟ್ಟು ಜಾಗ ತುಂಬಿಸುವುದು. ವಾಕ್ಯದಿಂದ ವಾಕ್ಯಕ್ಕೆ ಕೊಂಡಿ ಕಾಣುತ್ತದೆಯೇ ಎಂದು ಇಷ್ಟು ಚೊಕ್ಕವಾಗಿ ಅಳೆಯುವ ಪ್ರಶ್ನೆ ಬೇರೆ ಸಿಗುವುದು ಕಷ್ಟ. ಸುಳ್ಳು ವಾಕ್ಯಗಳು ವಿಷಯಕ್ಕೆ ಹತ್ತಿರವಿರಲಿ, ಆದರೆ ಅವುಗಳ ‘ದಿಸ್’, ‘ದೀಸ್’, ‘ದೇ’ ಹಿಂದಿನ ಸಾಲಿಗೆ ಹೊಂದದಿರಲಿ.

ಚೀನೀ ಭಾಷೆಯಲ್ಲೇ ಉತ್ತರ ಬರೆಯಲು ಬಿಟ್ಟರೆ ಓದನ್ನು ಬರವಣಿಗೆಯಿಂದ ಬೇರ್ಪಡಿಸಿ ಅಳೆಯಬಹುದು. ಆದರೆ ಅದನ್ನು ತಿದ್ದಲು ಚೀನೀ ಬಲ್ಲವರು ಬೇಕು. ಇಲ್ಲದಿದ್ದರೆ ಸರಿ, ತಪ್ಪು ಎಂದು ಗುರುತು ಹಾಕಿಸಿ, ಯಾವ ಸಾಲಿನಿಂದ ಹಾಗೆ ತಿಳಿಯಿತು ಎಂದು ಗೆರೆ ಎಳೆಸಿ. ಗೆರೆ ತಪ್ಪಿದ್ದರೆ ಅಂಕ ಇಲ್ಲ.

ಹಂತ 6: ಪತ್ರಿಕೆ ನಡೆಸುವುದು

ಚೀನಾದ ಒಳಗಿರುವವರಿಗೆ ಗೂಗಲ್ ಫಾರ್ಮ್ ತೆರೆಯುವುದಿಲ್ಲ. ಅಲ್ಲಿ ವೆನ್‌ಜುವಾನ್‌ಶಿಂಗ್ ಎಂಬ ಸಮೀಕ್ಷಾ ತಾಣ ಎಲ್ಲರಿಗೂ ಪರಿಚಿತ, ವಾಟ್ಸಾಪ್‌ನಂಥ ಅಲ್ಲಿನ ವೀಚಾಟ್‌ನಲ್ಲಿ ಕೊಂಡಿ ಕಳುಹಿಸಿದರೆ ಸಾಕು. ಸಾಧ್ಯವಾದರೆ ವಿಡಿಯೊ ಕರೆಯಲ್ಲಿ ಕೂರಿಸಿ ಬರೆಸಿ. ಫೋನಿನ ನಿಘಂಟು ತೆರೆದುಕೊಂಡು ಬರೆದ ಪತ್ರಿಕೆಯಿಂದ ನಿಮಗೂ ಅವರಿಗೂ ಏನೂ ಸಿಗದು. ಇದು ಪಾಸು, ಫೇಲಿನ ಪರೀಕ್ಷೆಯಲ್ಲ, ತರಗತಿಯ ಯೋಜನೆಗಾಗಿ ಎಂದು ಆರಂಭದಲ್ಲೇ ಹೇಳಿ. ಕಳುಹಿಸುವ ಮೊದಲು ಇಂಗ್ಲಿಷ್ ಚೆನ್ನಾಗಿ ಬಲ್ಲ ಸ್ನೇಹಿತರೊಬ್ಬರಿಂದ ಪತ್ರಿಕೆ ಬರೆಸಿ. ಅವರು ತಡವರಿಸಿದ ಪ್ರಶ್ನೆಯಲ್ಲಿ ತೊಂದರೆ ಪ್ರಶ್ನೆಯದೇ ಇರುತ್ತದೆ.

ಹಂತ 7: ಅಂಕಗಳನ್ನು ಓದುವುದು

ಮೊದಲು ಪ್ರಶ್ನೆಗಳಿಗೇ ಪರೀಕ್ಷೆ ಮಾಡಿ. 30 ಮಂದಿ ಬರೆದಿದ್ದರೆ ಒಟ್ಟು ಅಂಕದ ಪ್ರಕಾರ ಮೇಲಿನ 8 ಮತ್ತು ಕೆಳಗಿನ 8 ಪತ್ರಿಕೆ ಬೇರ್ಪಡಿಸಿ. ಅದು ಸುಮಾರು 27 ಶೇಕಡ. ಒಂದು ಪ್ರಶ್ನೆಗೆ ಮೇಲಿನವರಲ್ಲಿ 7, ಕೆಳಗಿನವರಲ್ಲಿ 3 ಮಂದಿ ಸರಿಯಾಗಿ ಉತ್ತರಿಸಿದ್ದರೆ ವ್ಯತ್ಯಾಸ 4, ಅದನ್ನು 8ರಿಂದ ಭಾಗಿಸಿದರೆ 0.5. ಅಂದರೆ ಬಲ್ಲವರನ್ನೂ ಬಾರದವರನ್ನೂ ಬೇರ್ಪಡಿಸುವ ಒಳ್ಳೆಯ ಪ್ರಶ್ನೆ. 0.2ಕ್ಕಿಂತ ಕಡಿಮೆ ಬಂದರೆ ಪ್ರಶ್ನೆಯನ್ನು ಮತ್ತೆ ಓದಿ. ಋಣಾತ್ಮಕ ಬಂದರೆ ಹೆಚ್ಚಾಗಿ ಕೀ ಉತ್ತರವೇ ತಪ್ಪಿರುತ್ತದೆ. ಹತ್ತೇ ಮಂದಿ ಬರೆದಿದ್ದರೆ ಈ ಲೆಕ್ಕ ಹಾಕಿ ತೀರ್ಪು ಕೊಡಬೇಡಿ.

ಕಲಿಯುವವರಿಗೆ ಕೊಡುವ ವರದಿಯಲ್ಲಿ ಮೊತ್ತಕ್ಕೆ ಕೊನೆಯ ಸ್ಥಾನ. ‘ವ್ಯಾಕರಣ 19’ ಎಂದರೆ ಯಾರಿಗೂ ಏನೂ ತಿಳಿಯದು. ‘ಕಾಲ 8ಕ್ಕೆ 7, ಆರ್ಟಿಕಲ್ 6ಕ್ಕೆ 1, ಬೇಡದ ಕಡೆ ಸೇರಿಸಿದ್ದು 4’ ಎಂದರೆ ಮುಂದಿನ ತಿಂಗಳ ಪಾಠ ತಾನಾಗಿ ತಯಾರಾಗುತ್ತದೆ. ವರದಿಯನ್ನು ಗುಂಪಿನಲ್ಲಿ ಹಾಕಬೇಡಿ, ಒಬ್ಬೊಬ್ಬರಿಗೇ ಕಳುಹಿಸಿ.

ಆಗ ಒಂದು ಪ್ರಶ್ನೆ ಖಂಡಿತ ಬರುತ್ತದೆ: ಇದು ಕಾಲೇಜ್ ಇಂಗ್ಲಿಷ್ ಟೆಸ್ಟ್‌ನಲ್ಲಿ ಎಷ್ಟಕ್ಕೆ ಸಮ? ಉತ್ತರ ಕೊಡುವ ಆಸೆಯನ್ನು ಹತ್ತಿಕ್ಕಿಕೊಳ್ಳಿ. ಆ 710ರ ಅಂಕ ನೇರ ಮೊತ್ತವಲ್ಲ, ಇತರ ಅಭ್ಯರ್ಥಿಗಳೊಂದಿಗೆ ಹೋಲಿಸಿ ಮಾನಕ್ಕೆ ಹೊಂದಿಸಿದ್ದು. 2018ರಲ್ಲಿ ಚೀನಾ ಪ್ರಕಟಿಸಿದ ಇಂಗ್ಲಿಷ್ ಸಾಮರ್ಥ್ಯದ ಒಂಬತ್ತು ಹಂತಗಳ ಮಾನದಂಡವಿದೆ. ಅದರ ವಿವರಣೆಗಳನ್ನು ಓದಿ ಕಲಿಯುವವರೇ ತಮ್ಮನ್ನು ಹೋಲಿಸಿಕೊಳ್ಳಲಿ. 64 ಅಂಕದ ನಿಮ್ಮ ಪತ್ರಿಕೆಯಿಂದ ಹಂತ ಘೋಷಿಸುವುದು ಸರಿಯಲ್ಲ.

ಮೂರು ತಿಂಗಳ ನಂತರ ಮತ್ತೆ ಅಳೆಯುವುದಾದರೆ ಅದೇ ಪತ್ರಿಕೆ ಬೇಡ, ಉತ್ತರಗಳು ನೆನಪಿರುತ್ತವೆ. ನೀಲನಕಾಶೆ ಹಾಗೆಯೇ ಇಟ್ಟು ಗದ್ಯ ಬದಲಿಸಿ: ನೂಡಲ್ ಅಂಗಡಿಯ ಜಾಗದಲ್ಲಿ ಸೈಕಲ್ ರಿಪೇರಿ, ‘ಎವ್ರಿ ಮಾರ್ನಿಂಗ್’ನ ಜಾಗದಲ್ಲಿ ‘ಆನ್ ಸಂಡೇಸ್’. ಹಳೆಯದರಿಂದ ಐದಾರು ಪ್ರಶ್ನೆಗಳನ್ನು ಮಾತ್ರ ಹೊಸದರಲ್ಲೂ ಉಳಿಸಿಕೊಳ್ಳಿ. ಎರಡನೇ ಪತ್ರಿಕೆಯನ್ನು ಬೇರೊಂದು ಹೊಸ ತಂಡ ಬರೆದಾಗ, ಆ ಐದಾರರಲ್ಲಿ ಅವರ ಸಾಧನೆ ನೋಡಿದರೆ ಎರಡು ಪತ್ರಿಕೆಗಳಲ್ಲಿ ಯಾವುದು ಕಠಿಣ ಎಂದು ತಿಳಿಯುತ್ತದೆ.